ಕ್ಯಾರೊಲ್ ಗಾರ್ಡನ್ಸ್‌ನಲ್ಲಿ ಭಾನುವಾರದ ಬ್ರಂಚ್: ಮೊಟ್ಟೆ ತಿನ್ನದ ಅತ್ತೆ, ಖಾರ ಬೇಕೆನ್ನುವ ಮಾವ

ಊರಿಂದ ಹಿರಿಯರು ಬಂದಾಗ ನ್ಯೂಜೆರ್ಸಿಯ ನಮ್ಮವರು ಮಾಡಿಸುವ ನ್ಯೂಯಾರ್ಕ್ ದರ್ಶನ ಹೆಚ್ಚುಕಡಿಮೆ ಒಂದೇ ಅಚ್ಚಿನದು. ಲಿಬರ್ಟಿ ಪ್ರತಿಮೆ, ಟೈಮ್ಸ್ ಸ್ಕ್ವೇರ್, ಹಸಿವಾದರೆ ಲೆಕ್ಸಿಂಗ್ಟನ್ ಅವೆನ್ಯೂದಲ್ಲಿ ದೋಸೆ. ಅದೆಲ್ಲ ಹಿಂದೆಯೇ ಮುಗಿಸಿದ್ದ ಅತ್ತೆ-ಮಾವನನ್ನು ಈ ಸಲ ಬ್ರೂಕ್ಲಿನ್ನಿನ ಕ್ಯಾರೊಲ್ ಗಾರ್ಡನ್ಸ್‌ಗೆ ಕರೆದೊಯ್ದೆವು. ಅಲ್ಲಿ ಹೊಸದಾಗಿ ಬಾಗಿಲು ತೆರೆದ ಇಟಾಲಿಯನ್-ಅಮೆರಿಕನ್ ರೆಸ್ಟೋರೆಂಟೊಂದರಲ್ಲಿ ಭಾನುವಾರದ ಬ್ರಂಚ್, ಅಂದರೆ ತಿಂಡಿ-ಊಟ ಎರಡೂ ಸೇರಿದ್ದು. ಅತ್ತೆ ಮೊಟ್ಟೆ ಮುಟ್ಟುವುದಿಲ್ಲ. ಮಾವನಿಗೆ ಖಾರವಿಲ್ಲದ್ದು ಊಟವೇ ಅಲ್ಲ. ಇಂಥವರನ್ನು ಧೈರ್ಯವಾಗಿ ಕರೆದುಕೊಂಡು ಹೋಗಬಹುದು. ಬ್ರಂಚ್ ಮೆನುವಿನ ಆಮ್ಲೆಟ್-ಪ್ಯಾನ್‌ಕೇಕ್ ಭಾಗವನ್ನು ಬಿಟ್ಟು, ಕೆಂಪು ಸಾಸಿನ ಭಾಗದಲ್ಲಿ ಊಟ ಮಾಡಿದರೆ ಸಾಕು.

ರೆಸ್ಟೋರೆಂಟಿನ ಹೆಸರು ಬೇಕೆಂದೇ ಬರೆದಿಲ್ಲ. ಹೊಸ ಜಾಗ, ಮೆನು ವಾರಕ್ಕೊಮ್ಮೆ ಬದಲಾಗುತ್ತಿದೆ, ಅಡುಗೆಮನೆ ಇನ್ನೂ ಹದಕ್ಕೆ ಬರಬೇಕು. ಇಲ್ಲಿ ಹೇಳುವುದು ಕೋರ್ಟ್ ಸ್ಟ್ರೀಟ್, ಸ್ಮಿತ್ ಸ್ಟ್ರೀಟ್ ಆಸುಪಾಸಿನ ಇಂಥ ಯಾವ ಹೋಟೆಲಿಗೂ ಹೊಂದುತ್ತದೆ.

ಎಡಿಸನ್ ಕಡೆಯಿಂದ ಹೊರಡುವವರಿಗೆ ರೈಲೇ ವಾಸಿ. ನ್ಯೂಜೆರ್ಸಿ ಟ್ರಾನ್ಸಿಟ್‌ನಲ್ಲಿ ಪೆನ್ ಸ್ಟೇಷನ್, ಅಲ್ಲಿಂದ ಹೆರಾಲ್ಡ್ ಸ್ಕ್ವೇರ್‌ವರೆಗೆ ನಡಿಗೆ, ಆಮೇಲೆ ಎಫ್ ರೈಲು ಹಿಡಿದು ಕ್ಯಾರೊಲ್ ಸ್ಟ್ರೀಟ್. ಸಬ್‌ವೇ ಗೇಟಿನಲ್ಲಿ ಕ್ರೆಡಿಟ್ ಕಾರ್ಡನ್ನೇ ತಾಗಿಸಿದರೆ ಆಯಿತು. ವಾರಾಂತ್ಯದಲ್ಲಿ ರಿಪೇರಿ ಎಂದು ರೈಲುಗಳ ದಾರಿ ಬದಲಿಸುವುದು ಅಲ್ಲಿ ಮಾಮೂಲು, ಶನಿವಾರ ರಾತ್ರಿಯೇ ಅಲ್ಲಿನ ಸಾರಿಗೆ ಸಂಸ್ಥೆ ಎಂಟಿಎಯ ಆ್ಯಪ್ ನೋಡಿಕೊಳ್ಳಿ. ಮಂಡಿನೋವಿನವರು ಜೊತೆಗಿದ್ದರೆ ಜೇ ಸ್ಟ್ರೀಟ್‌ನಲ್ಲೇ ಇಳಿದು, ಲಿಫ್ಟ್‌ನಲ್ಲಿ ಮೇಲೆ ಬಂದು, ಉಳಿದ ದಾರಿಗೆ ಟ್ಯಾಕ್ಸಿ ಮಾಡಿ. ಕ್ಯಾರೊಲ್ ಸ್ಟ್ರೀಟ್‌ನಲ್ಲಿ ನಾವು ಮೆಟ್ಟಿಲು ಹತ್ತಿಯೇ ಮೇಲೆ ಬಂದೆವು. ಕಾರಿನಲ್ಲಿ ಹೋದರೆ ಗೋಥಲ್ಸ್, ವೆರಜಾನೊ ಎರಡು ಸೇತುವೆಗೂ ಟೋಲ್ ಕಟ್ಟಬೇಕು. ಭಾನುವಾರ ಪಾರ್ಕಿಂಗ್ ಮೀಟರಿಗೆ ದುಡ್ಡಿಲ್ಲ, ನಿಜ. ಹಾಗೆಂದೇ ಜಾಗವೂ ಇರುವುದಿಲ್ಲ.

ಹೊತ್ತಿನ ವಿಷಯ ಮುಖ್ಯ. ಅಮೆರಿಕನ್ನರು ಬ್ರಂಚ್‌ಗೆ ನಿಧಾನವಾಗಿ ಎದ್ದು ಹನ್ನೆರಡೂವರೆಗೆ ಬರುತ್ತಾರೆ. ಬೆಳಿಗ್ಗೆ ಏಳಕ್ಕೆ ಕಾಫಿ ಕುಡಿದ ನಮ್ಮ ಹಿರಿಯರು ಅಷ್ಟು ಹೊತ್ತಿಗೆ ಹಸಿವಿನಿಂದ ಮಾತು ನಿಲ್ಲಿಸಿರುತ್ತಾರೆ. ಬಾಗಿಲು ತೆರೆಯುವ ಹೊತ್ತಿಗೇ, ಅಂದರೆ ಹತ್ತೂವರೆ ಹನ್ನೊಂದಕ್ಕೇ, ಟೇಬಲ್ ಕಾದಿರಿಸಿ. ಆಗ ಗದ್ದಲವೂ ಕಡಿಮೆ, ವೇಟರ್‌ಗೆ ನಿಮ್ಮ ಹತ್ತು ಪ್ರಶ್ನೆಗೆ ಉತ್ತರಿಸುವ ತಾಳ್ಮೆಯೂ ಇರುತ್ತದೆ. ಮಧ್ಯಾಹ್ನದ ಹೊತ್ತಿಗೆ ಪಕ್ಕದ ಟೇಬಲಿನಲ್ಲಿ ಮಿಮೋಸಾ (ಕಿತ್ತಳೆ ರಸ ಬೆರೆಸಿದ ಶಾಂಪೇನ್) ಸುರಿಯತೊಡಗುತ್ತದೆ.  ಆಮೇಲೆ ಎದುರಿಗೆ ಕೂತವರ ಮಾತೂ ಕೇಳಿಸದು.

ಈಗ ಊಟಕ್ಕೆ ಬರೋಣ. ಮೆನುವಿನ ಮೇಲ್ಭಾಗದಲ್ಲಿ ಲೆಮನ್ ರಿಕೋಟಾ ಪ್ಯಾನ್‌ಕೇಕ್, ಫ್ರಿಟಾಟಾ, ಟೊಮೆಟೊ ಸಾಸಿನಲ್ಲಿ ಬೇಯಿಸಿದ ಮೊಟ್ಟೆ ಇವೆಲ್ಲ ಇದ್ದವು. ನನ್ನ ಗಂಡ ಪ್ಯಾನ್‌ಕೇಕ್ ತರಿಸಿದರು. ಚೆನ್ನಾಗಿತ್ತು, ಆದರೆ ಯಾವ ಊರಿನಲ್ಲಾದರೂ ಸಿಗುವಂಥದ್ದು. ಈ ಬಡಾವಣೆಗೆ ಬಂದು ತಿನ್ನಬೇಕಾದದ್ದು ಕೆಳಗಿನ ಅರ್ಧದಲ್ಲಿದೆ. ಇಲ್ಲಿ ನೆಲೆಸಿದ ಇಟಾಲಿಯನ್ನರಲ್ಲಿ ಹೆಚ್ಚಿನವರು ದಕ್ಷಿಣ ಇಟಲಿಯ ಬಡವರು. ಹತ್ತಿರದ ರೆಡ್ ಹುಕ್ ಬಂದರಿನಲ್ಲಿ ಹಡಗಿನ ಸರಕು ಇಳಿಸಿ ಬದುಕು ಕಟ್ಟಿಕೊಂಡವರು. ಊರಿನಲ್ಲಿ ಅಪರೂಪವಾಗಿದ್ದ ಮಾಂಸ ಅಮೆರಿಕದಲ್ಲಿ ಅಗ್ಗವಾಗಿ ಸಿಕ್ಕಾಗ ಮಾಂಸದುಂಡೆಗಳು ದಪ್ಪಗಾಗಿ ಸ್ಪಗೆಟ್ಟಿಯ ಮೇಲೇರಿದವು. ಸಾಸ್, ಚೀಸ್ ಹಾಕಿ ಬೇಯಿಸುವ ಬದನೆಕಾಯಿಯ ಪಾರ್ಮಿಜಾನಾಗೆ ಕೋಳಿ ಸೇರಿ ಚಿಕನ್ ಪಾರ್ಮ್ ಆಯಿತು. ಬದನೆಕಾಯಿಯೇ ಮೂಲ ಎಂದು ಕೇಳಿ ಅತ್ತೆಗೆ ಬಹಳ ಸಮಾಧಾನವಾಯಿತು.

ಸಸ್ಯಾಹಾರಿಗಳು ಎಡವುವುದು ಇಲ್ಲೇ. ಮಾಂಸ ಕಣ್ಣಿಗೆ ಕಾಣದಿದ್ದರೂ ಒಳಗಿರಬಹುದು. ಭಾನುವಾರ ‘ಸಂಡೇ ಗ್ರೇವಿ’ ಎಂದು ಬರೆದಿದ್ದರೆ ಅದು ಹಂದಿ, ಸಾಸೇಜು ಹಾಕಿ ಗಂಟೆಗಟ್ಟಲೆ ಕುದಿಸಿದ ಟೊಮೆಟೊ ಸಾಸ್. ಮಾಂಸ ತೆಗೆದು ಬರೀ ಸಾಸ್ ಬಡಿಸಿದರೂ ನಮಗೆ ಆಗದು. ಬರೀ ಟೊಮೆಟೊದ ಸಾಸುಗಳಾದ ಮರಿನಾರಾ ಅಥವಾ ಪೊಮೊದೊರೊ ಕೇಳಿ. ಸೀಸರ್ ಸಲಾಡಿನ ಡ್ರೆಸ್ಸಿಂಗಿನಲ್ಲಿ, ಪುತ್ತನೆಸ್ಕಾ ಸಾಸಿನಲ್ಲಿ ಆಂಚೊವಿ ಮೀನಿರುತ್ತದೆ. ಮಿನೆಸ್ಟ್ರೋನೆ ಸೂಪಿಗೆ ಯಾವ ಸಾರು ಹಾಕಿದ್ದಾರೆಂದು ಕೇಳಲೇಬೇಕು. ಪಾರ್ಮಿಜಾನೊ ರೆಜಾನೊ ಚೀಸಿಗೆ ಹಾಲು ಒಡೆಯಲು ಕರುವಿನ ಹೊಟ್ಟೆಯ ರೆನೆಟ್ ಬಳಸುತ್ತಾರೆ. ಕಟ್ಟುನಿಟ್ಟಿನವರು ಮೇಲೆ ಚೀಸ್ ಬೇಡವೆಂದು ಮೊದಲೇ ಹೇಳಿಬಿಡಿ.

ಮೊಟ್ಟೆಯ ಕಥೆ ಇನ್ನೂ ಸೂಕ್ಷ್ಮ. ‘ನಮ್ಮಲ್ಲೇ ಮಾಡಿದ ತಾಜಾ ಪಾಸ್ಟಾ’ ಎಂದು ಮೆನು ಹೆಮ್ಮೆಪಟ್ಟರೆ ಅತ್ತೆಯಂಥವರು ಹುಷಾರಾಗಬೇಕು, ತಾಜಾ ತಾಲಿಯಾತೆಲ್ಲೆ, ರವಿಯೋಲಿಗಳ ಹಿಟ್ಟಿಗೆ ಸಾಮಾನ್ಯವಾಗಿ ಮೊಟ್ಟೆ ಸೇರುತ್ತದೆ. ಒಣ ಸ್ಪಗೆಟ್ಟಿ, ಪೆನ್ನೆ, ರಿಗಟೋನಿ ಬಹುತೇಕ ಗೋಧಿ ರವೆ ಮತ್ತು ನೀರಿನದು. ಬದನೆಕಾಯಿ ಪಾರ್ಮ್‌ನಲ್ಲೂ ಹೋಳುಗಳನ್ನು ಮೊಟ್ಟೆಯಲ್ಲಿ ಅದ್ದಿ ಬ್ರೆಡ್ ಪುಡಿ ಹಚ್ಚಿ ಕರಿಯುವುದೇ ರೂಢಿ. ನಾವು ಕೇಳಿದಾಗ ವೇಟರ್ ಒಳಗೆ ಹೋಗಿ ವಿಚಾರಿಸಿ ಬಂದು, “ಹೌದು, ಮೊಟ್ಟೆ ಇದೆ” ಎಂದಳು. “ನೀವು ವೆಜಿಟೇರಿಯನ್ನಾ” ಎಂಬ ಪ್ರಶ್ನೆಗೆ ಹೌದೆಂದು ಸುಮ್ಮನಾಗಬೇಡಿ. ಅವರ ಲೆಕ್ಕದಲ್ಲಿ ಮೊಟ್ಟೆ ಸಸ್ಯಾಹಾರವೇ. “ಮೊಟ್ಟೆ, ಮೀನು, ಮಾಂಸದ ಸಾರು ಮೂರೂ ಬೇಡ” ಎಂದು ಬಿಡಿಸಿ ಹೇಳಿ.

ಕೊನೆಗೆ ಅತ್ತೆಗೆ ರಿಗಟೋನಿ ಪೊಮೊದೊರೊ, ನಡುವೆ ಹಂಚಿಕೊಳ್ಳಲು ರೋಸ್‌ಮೆರಿ ಹಾಕಿದ ಫೊಕಾಚಾ ಬ್ರೆಡ್. ಮಾವನಿಗೆ ಪೆನ್ನೆ ಅರಬಿಯಾಟಾ, ಜೊತೆಗೆ ಕೇಳಿ ತರಿಸಿದ ಕಲಾಬ್ರಿಯಾದ ಎಣ್ಣೆ ಮೆಣಸಿನಕಾಯಿ. ಒಂದು ತುತ್ತು ತಿಂದು, “ಇದು ನಮ್ಮ ಟೊಮೆಟೊ ಗೊಜ್ಜೇ ಕಣಮ್ಮ, ಒಗ್ಗರಣೆ ಒಂದು ಕಮ್ಮಿ” ಎಂದರು. ತಟ್ಟೆ ಖಾಲಿ ಮಾಡಿದರು. ತಿರಮಿಸು ಬೇಡವೆಂದು ನಾನೇ ತಡೆದೆ: ಹಸಿ ಮೊಟ್ಟೆ, ಹಲವು ಕಡೆ ಮದ್ಯವೂ ಇರುತ್ತದೆ. ಇನ್ನೊಂದು ಸಿಹಿ ಪಾನಾ ಕೋಟಾದಲ್ಲಿ ಪ್ರಾಣಿಗಳ ಮೂಳೆ-ಚರ್ಮದಿಂದ ತೆಗೆದ ಜೆಲಟಿನ್.

ಸೇವೆ ನಿಧಾನ. ಪ್ಯಾನ್‌ಕೇಕ್ ಬಂದು ತಣ್ಣಗಾದ ಮೇಲೆ ಪಾಸ್ಟಾ ಬಂತು. ಹೊಸ ಹೋಟೆಲಿನಲ್ಲಿ ಎಲ್ಲವೂ ಒಟ್ಟಿಗೆ ಬೇಕಾದರೆ ಬಾಯಿಬಿಟ್ಟು ಹೇಳಬೇಕು. ತಲೆಗೆ 25ರಿಂದ 30 ಡಾಲರ್ ಹಿಡಿಯಿರಿ. ಅದರ ಮೇಲೆ 8.875 ಶೇಕಡಾ ತೆರಿಗೆ, 18ರಿಂದ 20 ಶೇಕಡಾ ಟಿಪ್ಸು. ತೆರಿಗೆಯ ಎರಡರಷ್ಟು ಕೊಟ್ಟರೆ ಟಿಪ್ಸಿನ ಲೆಕ್ಕ ಹೆಚ್ಚುಕಡಿಮೆ ಸರಿಹೋಗುತ್ತದೆ. ಆ ಮೊತ್ತವನ್ನು ರೂಪಾಯಿಗೆ ತಿರುಗಿಸುವ ಕೆಲಸ ಮಾವನಿಗೆ ಕೊಡಬೇಡಿ.

ಊಟದ ನಂತರ ನಡೆಯಲು ಇಷ್ಟು ಚಂದದ ಬಡಾವಣೆ ಸಿಗುವುದು ಕಷ್ಟ. ಕಂದು ಕಲ್ಲಿನ ಮನೆಗಳ ಮುಂದೆ ಉದ್ದನೆಯ ಕೈತೋಟ, ಕೆಲವೆಡೆ ಗುಲಾಬಿ ಗಿಡಗಳ ನಡುವೆ ಮೇರಿಯಮ್ಮನ ಮೂರ್ತಿ. ಕ್ಯಾರೊಲ್ ಪಾರ್ಕಿನಲ್ಲಿ ಇಟಾಲಿಯನ್ನರ ಚೆಂಡಿನಾಟ ಬೊಚ್ಚೆ ಆಡುವ ಅಂಗಳವಿದೆ, ಬೆಂಚಿನ ಮೇಲೆ ಕೂತು ನೋಡುತ್ತ ಮಾವ ಅರ್ಧ ಗಂಟೆ ಕಳೆದರು. ಕಾಫಿಗೆ ಕೋರ್ಟ್ ಸ್ಟ್ರೀಟಿನ ಡಿ’ಅಮಿಕೊ ಇದೆ, 1948ರಿಂದ ಬೀಜ ಹುರಿಯುತ್ತಿರುವ ಅಂಗಡಿ. ಫಿಲ್ಟರ್ ಕಾಫಿಗೆ ಬೀಜ ಪುಡಿ ಮಾಡಿಸುವುದಾದರೆ ಸಣ್ಣಗೆ ಎಂದು ಹೇಳಿ. ಬೇಕರಿಗಳಲ್ಲಿ ‘ಲಾರ್ಡ್ ಬ್ರೆಡ್’ ಎಂಬುದು ಈ ಪ್ರದೇಶದ ಹೆಸರಾಂತ ತಿನಿಸು. ಹಂದಿಯ ಕೊಬ್ಬು, ಒಳಗೆ ಮಾಂಸದ ತುಂಡು, ಸಸ್ಯಾಹಾರಿಗಳು ದೂರವಿರಿ. ಗರಿಗರಿ ಕೊಳವೆಯಂಥ ಸಿಹಿ ಕನೋಲಿ ಕೊಳ್ಳುವುದಾದರೆ ಹೂರಣ ತುಂಬಿಟ್ಟದ್ದನ್ನು ತೆಗೆದುಕೊಳ್ಳಬೇಡಿ, ಎದುರಿಗೇ ತುಂಬಿಸಿ ಅಲ್ಲೇ ತಿಂದುಬಿಡಿ. ಎಡಿಸನ್ ತಲುಪುವಷ್ಟರಲ್ಲಿ ಮೆತ್ತಗಾಗಿರುತ್ತದೆ.

ಹಿಂತಿರುಗುವಾಗ ಒಂದು ಎಚ್ಚರ: ಕ್ಯಾರೊಲ್ ಸ್ಟ್ರೀಟ್‌ನಲ್ಲಿ ಎಫ್, ಜಿ ಎರಡೂ ಒಂದೇ ಪ್ಲಾಟ್‌ಫಾರ್ಮಿಗೆ ಬರುತ್ತವೆ. ಜಿ ರೈಲು ಮ್ಯಾನ್‌ಹಟನ್ನಿಗೆ ಹೋಗುವುದೇ ಇಲ್ಲ.