ಖರಾಡಿಯ ನದಿ, ಅಂತರಗಂಗೆ, ಸೊಳ್ಳೆ

ಪುಣೆಯ ಖರಾಡಿಯಲ್ಲಿ ಮುಳಾ-ಮುಠಾ ನದಿಯ ಮೇಲೆ ಮತ್ತೆ ಅಂತರಗಂಗೆ ಹಬ್ಬಿದೆ, ನೀರೇ ಕಾಣುವುದಿಲ್ಲ. ಒಂದು ಗಿಡ ಎಳೆದು ನೋಡಿ: ಊದಿಕೊಂಡ ತೊಟ್ಟು, ಕೆಳಗೆ ಕಪ್ಪು ಬೇರಿನ ಜೊಂಪೆ, ಅದರ ಸಂದಿನಲ್ಲಿ ತಲೆಕೆಳಗಾಗಿ ತೂಗುವ ಕ್ಯೂಲೆಕ್ಸ್ ಸೊಳ್ಳೆಯ ಮರಿಗಳು. ಕೊಳಚೆಯೇ ಗಿಡಕ್ಕೆ ಗೊಬ್ಬರ, ಸೊಳ್ಳೆಗೂ ಅದೇ ಆಸರೆ. 2024ರ ಫೆಬ್ರುವರಿಯಲ್ಲಿ ‘ಸೊಳ್ಳೆಗಳ ಸುಂಟರಗಾಳಿ’ ಎಂಬ ವಿಡಿಯೊ ಹರಿದಾಡಿದ್ದು ಈ ಭಾಗದ್ದೇ.

ಸಂಜೆ ಹೊಗೆ ಹಾಕಿದಾಗ ಮನಸ್ಸಿಗೆ ಸಮಾಧಾನವಾಗುತ್ತದೆ, ನಿಜ. ಆದರೆ ಅದು ಸಾಯಿಸುವುದು ಹಾರುವ ಸೊಳ್ಳೆಯನ್ನು. ನೀರಿನಲ್ಲಿರುವ ಮರಿಗೆ ತಾಗುವುದೇ ಇಲ್ಲ. ಯಂತ್ರದಿಂದ ಎತ್ತಿದ ಕಳೆಯನ್ನು ದಡದಲ್ಲೇ ಬಿಟ್ಟರೆ ಮಳೆಗೆ ಮತ್ತೆ ನದಿ ಸೇರುತ್ತದೆ. ಅನುಕೂಲ ಸಿಕ್ಕರೆ ಎರಡೇ ವಾರದಲ್ಲಿ ಇಮ್ಮಡಿಯಾಗುವ ಗಿಡ ಇದು!

1980ರ ದಶಕದಲ್ಲಿ ನಮ್ಮ ಬೆಂಗಳೂರಿನಲ್ಲಿ ಈ ಕಳೆಯನ್ನು ತಿನ್ನುವ ನಿಯೋಕೆಟಿನಾ ಎಂಬ ಮೂತಿಹುಳುಗಳನ್ನು ಕೆರೆಗಳಿಗೆ ಬಿಟ್ಟಿದ್ದರು. ಒಳ್ಳೆಯ ದಾರಿ, ಆದರೆ ನಿಧಾನ. ಕೊಳಚೆ ಹರಿಯುತ್ತಲೇ ಇದ್ದರೆ ಹುಳು ತಿನ್ನುವುದಕ್ಕಿಂತ ಬೇಗ ಗಿಡ ಚಿಗುರುತ್ತದೆ. ಶುದ್ಧೀಕರಿಸದ ನೀರನ್ನು ನದಿಗೆ ಬಿಡುವುದು ಮೊದಲು ನಿಲ್ಲಬೇಕು ಎಂದು ನೆರೆಯ ಮರಾಠಿ ಕುಟುಂಬಗಳೊಂದಿಗೆ ಸೇರಿ ಅರ್ಜಿ ಬರೆಯುತ್ತಿದ್ದೇವೆ. ಇಲ್ಲಿನ ಕನ್ನಡಿಗರೂ ಬಂದು ಸಹಿ ಹಾಕಿ, ದಯವಿಟ್ಟು.