ಯಾವ ಸೊಪ್ಪು ಯಾವ ಕಾಯಿಲೆಗೆ?

ಗಿಡಮೂಲಿಕೆ ಕಲಿಯುತ್ತಿದ್ದೇನೆಂದು ಗೊತ್ತಾದವರೆಲ್ಲ ಕೇಳುವುದು ಇದನ್ನೇ: "ಯಾವ ಸೊಪ್ಪು ಯಾವ ಕಾಯಿಲೆಗೆ ಒಳ್ಳೆಯದು? ಒಂದು ಪಟ್ಟಿ ಬರೆದುಕೊಡಿ." ಕೊಡುವುದಿಲ್ಲ. ಬಾಯಲ್ಲಿ ಹೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ವಿರಾಜಪೇಟೆಯ ಮದುವೆಯೊಂದರಲ್ಲಿ ಊಟಕ್ಕೆ ಕುಳಿತಿದ್ದೆ. ಪಕ್ಕದ ಹಿರಿಯರೊಬ್ಬರು ಮೊಬೈಲ್ ತೋರಿಸಿದರು. "ನಮ್ಮ ಬೇಲಿಯಲ್ಲಿದೆಯಮ್ಮಾ. ಇದರ ಗೆಡ್ಡೆ ಮಂಡಿನೋವಿಗೆ ರಾಮಬಾಣವಂತೆ. ಎಷ್ಟು ತೇಯ್ದು ಕುಡಿಯಲಿ?" ಚಿತ್ರದಲ್ಲಿದ್ದದ್ದು ತೋಕ್ ಪೂ, ಅಂದರೆ ಅಗ್ನಿಶಿಖೆ! ಕೊಡಗಿನಲ್ಲಿ ಆಯುಧ ಪೂಜಿಸುವ ಕೈಲ್ ಪೊಳ್ದ್ ಹಬ್ಬದ ದಿನ ಕೋವಿಗೆ ಸಿಕ್ಕಿಸುವ, ಬುಡದಲ್ಲಿ ಹಳದಿ, ತುದಿಯಲ್ಲಿ ಕೆಂಪು ಎಸಳಿನ ಅದೇ ಹೂವು. ಎಲೆಯ ತುದಿಯೇ ಸುರುಳಿಯಾಗಿ ಬೇಲಿಯನ್ನು ಹಿಡಿದುಕೊಂಡಿತ್ತು. ಅನುಮಾನಕ್ಕೆ ಎಡೆಯೇ ಇರಲಿಲ್ಲ. ಅದರ ಗೆಡ್ಡೆಯಲ್ಲಿ ಕಾಲ್ಚಿಸಿನ್ ಎಂಬ ವಿಷಕಾರಿ ಅಂಶವಿದೆ. ಗೌಟ್ ಎಂಬ ಕೀಲುನೋವಿಗೆ ವೈದ್ಯರು ಅದನ್ನು ಮಿಲಿಗ್ರಾಂ ಲೆಕ್ಕದಲ್ಲಿ ಅಳೆದು ಕೊಡುತ್ತಾರೆ. ಗೆಡ್ಡೆ ತೇಯ್ದು ಕುಡಿದರೆ ವಾಂತಿಭೇದಿಯಿಂದ ಶುರುವಾಗಿ ಪ್ರಾಣವೇ ಹೋಗಬಹುದು. ಬೇಡವೇ ಬೇಡ ಎಂದು ಪಂಕ್ತಿಯವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ ಹೇಳಿದೆ. ಅವರಿಗೆ ಬೇಸರವಾಯಿತು. "ಗಿಡ ತಾನೇ, ಏನಾಗುತ್ತದೆ?" ಎಂದರು.

ಆ ಮಾತು ನೆನಪಾದರೆ ಈಗಲೂ ಸಿಟ್ಟು ಬರುತ್ತದೆ. ಗಿಡಕ್ಕೆ ಕಾಯಿಲೆ ಗುಣಪಡಿಸುವ ಶಕ್ತಿಯಿದೆ ಎಂದು ನಂಬುವವರು ಅದಕ್ಕೆ ಕೆಡುಕು ಮಾಡುವ ಶಕ್ತಿಯೂ ಇರಬಹುದೆಂದು ಏಕೆ ಒಪ್ಪುವುದಿಲ್ಲ?

ಹಾಗಾದರೆ ನೀನು ಕಲಿಯುವುದಾದರೂ ಏನು ಎನ್ನುತ್ತೀರಿ. ನೋಡುವುದನ್ನು. ಬೆಳಗಿನ ಕಾಫಿ ಮುಗಿಸಿ, ಮೊಬೈಲನ್ನು ಮನೆಯಲ್ಲೇ ಬಿಟ್ಟು ತೋಟದ ಅಂಚಿನಲ್ಲಿ ನಡೆಯುತ್ತೇನೆ. ನೆರಳಿನಲ್ಲಿ ಬೆಳೆಯುವ ಮದ್ದು ಸೊಪ್ಪನ್ನು ಬೇಸಿಗೆಯಲ್ಲೂ ನೋಡುತ್ತೇನೆ, ಮಳೆ ಹಿಡಿದಾಗಲೂ ನೋಡುತ್ತೇನೆ. ಒಂದು ಎಲೆ ಕಿತ್ತು ಉಜ್ಜಿ ಮೂಸುತ್ತೇನೆ. ಆಗಸ್ಟ್ ಆರಂಭದಲ್ಲಿ ಬರುವ, ಕೊಡವ ಪಂಚಾಂಗದ ಕಕ್ಕಡ ತಿಂಗಳ 18ರಂದು ಅದರಲ್ಲಿ 18 ಬಗೆಯ ಮದ್ದು ಸೇರಿರುತ್ತದೆಂಬ ನಂಬಿಕೆ ನಮ್ಮದು. ಅಂದು ಸೊಪ್ಪನ್ನು ಕುದಿಸಿದರೆ ನೀರು ಕಡು ನೇರಳೆಯಾಗುತ್ತದೆ. ಅದೇ ನೀರಿನಲ್ಲಿ ಅಕ್ಕಿ ಬೇಯಿಸಿ, ಬೆಲ್ಲ, ತೆಂಗಿನಕಾಯಿ ಹಾಕಿ ಪಾಯಸ ಮಾಡುತ್ತೇವೆ. ತಿಂದ ಮೇಲೆ ಮೂತ್ರ ಕೆಂಪಾಗುತ್ತದೆ, ಹೊಸಬರು ಗಾಬರಿಯಾಗಬಾರದು. ಆ ಒಂದು ದಿನ ಮಾತ್ರ ಗಿಡವನ್ನು ಹುಡುಕಿಕೊಂಡು ಹೋಗುವವರಿಗೆ ಅದರ ಉಳಿದ ಹನ್ನೊಂದು ತಿಂಗಳು ತಿಳಿಯುವುದೇ ಇಲ್ಲ.

"ಇದು ಅದೇ ಗಿಡವೆಂದು ಹೇಗೆ ಗೊತ್ತಾಯಿತು?" ಎಂದು ಯಾರಾದರೂ ಕೇಳಬಾರದೇ! 2021ರಲ್ಲಿ ಮುಂಬೈಯ ವೈದ್ಯರು ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದದ್ದನ್ನು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪದೆ, ಅಮೃತಬಳ್ಳಿಯನ್ನೇ ಹೋಲುವ ಬೇರೆ ಬಳ್ಳಿಯೂ ಇದೆ, ಸೇವಿಸಿದ್ದು ಯಾವುದೆಂದು ಮೊದಲು ಗುರುತಿಸಬೇಕಿತ್ತು ಎಂದಿತು. ಎರಡೂ ಕಡೆಯವರು ಓದಿದವರೇ. ಅವರ ನಡುವೆಯೇ ಇಷ್ಟು ಗೊಂದಲವಿರುವಾಗ ವಾಟ್ಸ್ಆ್ಯಪ್‌ನಲ್ಲಿ ಬಂದ ಮಸುಕು ಚಿತ್ರ ನೋಡಿ ನಾನು ಪ್ರಮಾಣ ಹೇಳಬೇಕೇ?

ಗುರುತಿಸುವುದು ಹೇಗೆಂದು ಕೇಳಿಕೊಂಡು ಬನ್ನಿ, ಗದ್ದೆಯ ಬದುವಿಗೆ ಕರೆದೊಯ್ದು ಒಂದೆಲಗದಿಂದ ಶುರುಮಾಡುತ್ತೇನೆ. ಕಳೆನಾಶಕ ಹೊಡೆದ ಕಡೆ ಮಾತ್ರ ಒಂದೆಲೆಯನ್ನೂ ಕೀಳಲು ಬಿಡುವುದಿಲ್ಲ. ಕಾಯಿಲೆಯಿದ್ದರೆ ವೈದ್ಯರ ಬಳಿ ಹೋಗಿ, ಯಾವ ಕಷಾಯ ಕುಡಿಯುತ್ತಿದ್ದೀರೆಂದು ಅವರಿಗೂ ತಿಳಿಸಿ.