ದುಬೈನಿಂದ ಸಿಂಧನೂರಿಗೆ ಅಪ್ಪನ ಫೋನು

ಸಿಂಧನೂರು, ಮಾನ್ವಿ, ಗಂಗಾವತಿ ಕಡೆಯಿಂದ ಇಲ್ಲಿ ಗಲ್ಫ್‌ಗೆ ದುಡಿಯಲು ಬಂದ ಅಪ್ಪಂದಿರು ಮನೆಗೆ ಫೋನು ಮಾಡುವುದು ಕಡಿಮೆಯೇನಲ್ಲ. ಕೆಡುವುದು ಹೊತ್ತು, ಆಮೇಲೆ ಮಾತು.

ದುಬೈ ಗಡಿಯಾರ ಊರಿಗಿಂತ ಒಂದೂವರೆ ತಾಸು ಹಿಂದೆ. ರಿಯಾದ್, ಕುವೈತ್ ಎರಡೂವರೆ. ಡ್ಯೂಟಿ, ಸ್ನಾನ, ಅಡುಗೆ ಮುಗಿಸಿ ದುಬೈನಲ್ಲಿ ರಾತ್ರಿ 9ಕ್ಕೆ ಕೂತರೆ ಊರಲ್ಲಿ ಹತ್ತೂವರೆ. ನಿದ್ದೆಗಣ್ಣಿನ ಮಗುವನ್ನು ಎಬ್ಬಿಸಿದರೆ ಅದು ಅಳುತ್ತದೆ, ಅಪ್ಪನಿಗೆ ಬೇಜಾರು, ಅವ್ವನಿಗೆ ಸಿಟ್ಟು. ಅಡುಗೆಗೆ ಮೊದಲೇ, ಆರೂವರೆಗೆ ಮಾಡಿದರೆ ಅಲ್ಲಿ ಎಂಟು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಬಿಸಿಲಲ್ಲಿ ದುಡಿಯುವವರಿಗೆ ಯುಎಇಯಲ್ಲಿ (ದುಬೈ ಇರುವ ದೇಶ) ಮಧ್ಯಾಹ್ನ 12:30ರಿಂದ 3ರವರೆಗೆ ಕಾನೂನಿನ ವಿರಾಮ. ಊರಲ್ಲಿ ಆಗ 2ರಿಂದ 4:30. ಶನಿವಾರ ಸಾಲಿ ಅರ್ಧ ದಿನ, ಮಕ್ಕಳು ಮನೆಯಲ್ಲೇ ಸಿಗುತ್ತಾರೆ. ಯುಎಇಯಲ್ಲಿ ವಾಟ್ಸಾಪ್ ಮೆಸೇಜು ಹೋಗುತ್ತದೆ, ಕಾಲ್ ಆಗುವುದಿಲ್ಲ. ಬೋಟಿಮ್‌ನಂಥ ಆ್ಯಪ್ ಎರಡೂ ಕಡೆ ಇರಬೇಕು.

ಇನ್ನು ಮಾತು. "ಊಟ ಆತೇನು? ಓದಾಕತ್ತಿಯೇನು? ಮಾರ್ಕ್ಸ್ ಎಷ್ಟು?" ಮೂರಕ್ಕೂ "ಹ್ಞೂಂ" ಅಂದು ಹುಡುಗ ಫೋನನ್ನು ಅವ್ವನ ಕೈಗೆ ಕೊಡುತ್ತಾನೆ. ತನಿಖೆಗೆ ಯಾವ ಮಗು ನಿಲ್ಲುತ್ತದೆ? ಇವತ್ತು ಸಾಲಿಯಲ್ಲಿ ಏನಾಯಿತು, ಯಾರ ಜತೆ ಜಗಳ ಎಂದು ಹೆಂಡತಿ ಮೊದಲೇ ಒಂದು ನಿಮಿಷದ ವಾಯ್ಸ್ ಮೆಸೇಜು ಹಾಕಲಿ. "ನಿನ್ನ ಕಂಪಾಸ್ ಡಬ್ಬಿ ಮುರದಾನಂತ, ಯಾರಪಾ ಅಂವ? ತೋರ್ಸು ನೋಡೂಣು" ಅಂದರೆ ಡಬ್ಬಿ ಹಿಡಿದು ಓಡಿ ಬರುತ್ತಾನೆ. ಹೇಳುತ್ತಾ ಅತ್ತರೆ "ಗಂಡುಹುಡುಗ ಆಗಿ ಅಳ್ತಿಯೇನ" ಅನ್ನಬಾರದು. "ಭಾಳ ಸಿಟ್ಟು ಬಂತೇನಪಾ?" ಎಂದು ಕೇಳಿ ಸುಮ್ಮನಿರಬೇಕು. ಬುದ್ಧಿ ಹೇಳಲು ಬಾಯಿ ತುರಿಸುತ್ತದೆ, ತಡೆದುಕೊಳ್ಳಬೇಕು. ಮೂರು ವರ್ಷದ್ದು ಐದು ನಿಮಿಷ ಕೂತರೆ ಹೆಚ್ಚು; ಫೋನನ್ನು ಗೋಡೆಗೆ ಆನಿಸಿಟ್ಟು ಅದರ ಪಾಡಿಗೆ ಆಡಲು ಬಿಡಿ.

ಸಾಲದ ಕಂತು, ಭತ್ತದ ರೇಟು, ಅಣ್ಣತಮ್ಮಂದಿರ ಪಾಲಿನ ಮಾತು ಅದೇ ಕಾಲ್‌ನಲ್ಲಿ ಬೇಡ. ಅರ್ಥವಾಗದಿದ್ದರೂ ಮಕ್ಕಳು ದನಿ ಹಿಡಿಯುತ್ತಾರೆ. ಅವರು ಮಲಗಿದ ಮೇಲೆ ಹೆಂಡತಿಗೆ ಬೇರೆ ಫೋನು, ಅದರಲ್ಲೂ ಮೊದಲು ಆಕೆಯ ದಿನ ಹೇಗಿತ್ತೆಂದು ಕೇಳಿ, ಆಮೇಲೆ ದುಡ್ಡು.

ಯುಎಇ ಖಾಸಗಿ ಕಂಪನಿಗಳಲ್ಲಿ ಮಗು ಹುಟ್ಟಿದರೆ ಅಪ್ಪನಿಗೂ 5 ಕೆಲಸದ ದಿನ ಸಂಬಳದ ರಜೆ ಉಂಟು. ಆರು ತಿಂಗಳೊಳಗೆ ತೆಗೆದುಕೊಳ್ಳಬೇಕು. ವಾರ್ಷಿಕ ರಜೆಗೆ ಜೋಡಿಸಿಕೊಡುತ್ತಾರೋ ಎಂದು ಟಿಕೆಟ್ ಮಾಡುವ ಮೊದಲೇ ಆಫೀಸಿನಲ್ಲಿ ಕೇಳಿ.

ರಜೆಗೆ ಊರಿಗೆ ಹೋದಾಗ ಸಣ್ಣ ಮಗು ಅವ್ವನ ಸೀರೆ ಹಿಂದೆ ನಿಂತರೆ ಎಳೆದು ಎತ್ತಿಕೊಳ್ಳಬೇಡಿ, ತಾನಾಗಿ ಬರುತ್ತದೆ. ವಾಪಸಾಗುವಾಗ ಅದು ಮಲಗಿದ ಹೊತ್ತು ನೋಡಿ ಹೊರಡುವವರೇ ಹೆಚ್ಚು. ಮರುದಿನದಿಂದ ಅವ್ವ ಬಚ್ಚಲಿಗೆ ಹೋದರೂ ಬಾಗಿಲು ಬಡಿದು ಅಳುತ್ತದೆ. ಎರಡು ದಿನ ಮೊದಲೇ ಹೇಳಿ. ಮುಂದಿನ ಫೋನು ಯಾವತ್ತು, ಎಷ್ಟು ಗಂಟೆಗೆ ಎಂಬುದನ್ನೂ ಹೇಳಿ, ಆ ಹೊತ್ತಿಗೇ ಮಾಡಿ.